ಆಣೆ ಮಾಡದ ಕಂಪನಿ

ಎಂಎಲ್‌ಎ ಮಹೇಂದ್ರನನ್ನು ಕಬ್ಬಾಳಿಗೆ ಕರೆದುಕೊಂಡು ಹೋಗಿ, ಉರಿಯುವ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದ್ದು ತಾನೇ ಎಂದು ಪಂಚಾಯಿತಿ ಅಧ್ಯಕ್ಷ ಕೆಂಪಯ್ಯ ಊರ ತುಂಬ ಎದೆಯುಬ್ಬಿಸಿಕೊಂಡು ಓಡಾಡಿದ್ದ. ಕಲ್ಯ ಗ್ರಾಮದ ಆಚೆಯ ಆ ಊರಿನಲ್ಲಿ ರಾಜಕಾರಣಿಯ ಮಾತನ್ನು ನಾಯಿಯೂ ನಂಬುವುದಿಲ್ಲ. ಆದರೆ ಕಬ್ಬಾಳಮ್ಮನ ಮುಂದೆ ಕರ್ಪೂರ ಮುಟ್ಟಿದವನು ತಪ್ಪಿ ನಡೆಯಲಾರ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. “ಫ್ಯಾಕ್ಟರಿಲಿ ಮನೆಗೊಂದು ಕೆಲ್ಸ ಕೊಡಿಸ್ತೀನಿ. ಇಲ್ದಿದ್ರೆ ಇನ್ನೊಂದ್ಸಲ ವೋಟು ಕೇಳಕ್ಕೆ ಈ ಊರಿಗೆ ಕಾಲಿಡಲ್ಲ ತಾಯಿ” ಎಂದು ಮಹೇಂದ್ರ ಹೇಳಿದ್ದ. ಊರು ಒಂದೂ ಬಿಡದೆ ಅವನಿಗೇ ವೋಟು ಗುದ್ದಿತು.

ಊರಿಗೆ ಬರಬೇಕಿದ್ದ ಫ್ಯಾಕ್ಟರಿ ಕಾರಿನ ಬಿಡಿಭಾಗ ಮಾಡುವ ಕಂಪನಿಯದು. ಮೊದಲು ದನ ಮೇಯುವ ಗೋಮಾಳ ಕೇಳಿತು. ಮಹೇಂದ್ರ ಕೊಡಿಸಿದ. ರಸ್ತೆ ಕೇಳಿತು, ಹಾಕಿಸಿದ. ಕರೆಂಟು ಲೈನು ಕೇಳಿತು, ಎಳೆಸಿದ. ತೆರಿಗೆ ಬಿಡಿಸಿ ಅಂದಿತು, ಬೆಂಗಳೂರಿಗೆ ಹೋಗಿ ಮಂತ್ರಿಗಳ ಬಾಗಿಲು ಕಾದು ಅದನ್ನೂ ಬಿಡಿಸಿಕೊಂಡು ಬಂದ. ಇಷ್ಟೆಲ್ಲ ಆಗಿ ಊರಿನವರ ಕಣ್ಣಿಗೆ ಕಂಡದ್ದು ಒಂದು ತಗಡಿನ ಶೆಡ್ಡು, ದೊಡ್ಡ ಗೇಟು, ಗೇಟಿನಲ್ಲಿ ಹಿಂದಿ ಮಾತಾಡುವ ಇಬ್ಬರು ಕಾವಲುಗಾರರು.

ಕೆಂಪಯ್ಯನ ಮಗಳು ರಮ್ಯಾ ಐಟಿಐ ಮುಗಿಸಿ ಆ ಗೇಟು ತೆರೆಯುವುದನ್ನೇ ಕಾಯುತ್ತಿದ್ದಳು. ಅಲ್ಲಿಯವರೆಗೆ ಇರಲಿ ಎಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಗ್ಗೆ ಕತ್ತಲಲ್ಲೇ ವ್ಯಾನು ಹತ್ತಿದರೆ ಇಳಿಯುವಾಗಲೂ ಕತ್ತಲೆ.

ಆ ಸೋಮವಾರ ಮಹೇಂದ್ರ ಕಂಪನಿಯ ಮ್ಯಾನೇಜರನನ್ನು ಕರೆದುಕೊಂಡು ಕೆಂಪಯ್ಯನ ಮನೆಗೇ ಬಂದ.

“ಕೆಂಪಣ್ಣ, ಕೆರೆ ನೀರು ಒಸಿ ಬೇಕಂತೆ. ಪಂಚಾಯ್ತಿಯಿಂದ ಒಂದು ಒಪ್ಪಿಗೆ ಮಾಡ್ಕೊಟ್ಬುಡು.”

“ಒಸಿ ಅಂದ್ರೆ ಎಷ್ಟು?”

ಮಹೇಂದ್ರ ಮ್ಯಾನೇಜರನ ಮುಖ ನೋಡಿದ. “ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ಬೇಕಾಗಬಹುದು” ಅಂದ ಮ್ಯಾನೇಜರ್.

“ಬ್ಯಾಸ್ಗೆಲಿ ಕೆರೇಲಿ ಇರೋದೇ ಒಸಿ ಕಣಯ್ಯ! ಕೆಳಗಿನ ಹಿಪ್ಪುನೇರಳೆ ತೋಟಕ್ಕೆ ಯಾರು ಉಚ್ಚೆ ಹುಯ್ತಾರೆ?”

ಒಳಗಿಂದ ಕಾಫಿ ತಂದ ಹೆಂಡತಿ ಚಿಕ್ಕಲಕ್ಷ್ಮಮ್ಮ ಗಂಡನನ್ನು ಕಣ್ಣಲ್ಲೇ ಗದರಿದಳು. ಮ್ಯಾನೇಜರನಿಗೆ ಬೇಸರವಾದಂತೆ ಕಾಣಲಿಲ್ಲ. ಲೋಟ ತೆಗೆದುಕೊಂಡು ನಗುತ್ತಲೇ ಹೇಳಿದ: “ಗಡಿಯಾಚೆ ಹೊಸೂರಿನವರು ನೀರು, ಜಾಗ ಎಲ್ಲಾ ಕೊಡ್ತೀವಿ ಬನ್ನಿ ಅಂತಿದ್ದಾರೆ ಸರ್. ನಮಗೆ ಹೋಗೋಕೆ ಮನಸ್ಸಿಲ್ಲ. ಎಂಎಲ್‌ಎ ಸಾಹೇಬರು ದೇವರ ಮುಂದೆ ಮಾತು ಕೊಟ್ಟಿದ್ದಾರಂತಲ್ಲ. ನಾವು ಹೋದರೆ ಅವರಿಗೆ ಕಷ್ಟ.”

ಮಹೇಂದ್ರ ತಲೆ ತಗ್ಗಿಸಿದ. ಆಗ ಕೆಂಪಯ್ಯನಿಗೆ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿಯಿತು. ಎಂಎಲ್‌ಎ ಮೂಗಿಗೆ ತಾನು ಹಾಕಿದ್ದ ಹಗ್ಗದ ತುದಿ ಊರಿನ ಕೈಯಲ್ಲಿ ಇರಲೇ ಇಲ್ಲ. ಆಣೆಯ ಸುದ್ದಿ ಕಿವಿಗೆ ಬಿದ್ದ ದಿನವೇ ಕಂಪನಿ ಅದನ್ನು ಹಿಡಿದುಕೊಂಡಿತ್ತು. ಎಳೆದಾಗಲೆಲ್ಲ ಮಹೇಂದ್ರ ಹೋಗುತ್ತಿದ್ದ. ಹೋಗದೆ ಇನ್ನೇನು ಮಾಡಿಯಾನು? ಒಂದು ಕಡೆ ಕಬ್ಬಾಳಮ್ಮನ ಭಯ, ಇನ್ನೊಂದು ಕಡೆ ವೋಟಿನ ಭಯ.

“ಆ ಆಣೆ ಬುಟ್ಬುಡಾನ ಕಣಪ್ಪ” ಅಂದ ಕೆಂಪಯ್ಯ. “ನಾನೇ ಕಬ್ಬಾಳಿಗೆ ಬತ್ತೀನಿ. ತಪ್ಪುಕಾಣಿಕೆ ಕಟ್ಟಾನ. ನೀನು ಇವ್ರಿಗೆ ಆಗಲ್ಲ ಅಂದ್ಬುಡು.”

“ನೀನೊಬ್ಬ ಬುಟ್ರೆ ಆಯ್ತದೇನಣ್ಣ? ಊರು ಬುಡ್ಬೇಕಲ್ಲ” ಅಂದ ಮಹೇಂದ್ರ. ಅವನ ದನಿಯಲ್ಲಿ ಆಸೆ ಇತ್ತು.

ಗುರುವಾರ ಗ್ರಾಮಸಭೆ. ಶಾಲೆಯ ಮುಂದಿನ ಶಾಮಿಯಾನದಲ್ಲಿ ಕೂರಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಕೆಂಪಯ್ಯನ ಪಕ್ಕದಲ್ಲಿ ಮಹೇಂದ್ರ, ಮ್ಯಾನೇಜರ್ ಕೂತಿದ್ದರು. ರಮ್ಯಾ ಗಾರ್ಮೆಂಟ್ಸ್‌ಗೆ ರಜಾ ಹಾಕಿ ಗೆಳತಿಯರ ಜೊತೆ ಬಂದಿದ್ದಳು. ಕೆಂಪಯ್ಯ ಸುತ್ತುಬಳಸದೆ ಹೇಳಿದ: ಕೆರೆ ಕೊಡುವುದು ಬೇಡ, ಎಂಎಲ್‌ಎ ಆಣೆಯನ್ನು ಊರೇ ಬಿಟ್ಟುಬಿಡೋಣ.

“ಏನ್ಲಾ ಕೆಂಪಾ, ಕಂಪನಿಯೋರು ಓಡೋದ್ರೆ ಕೆಲ್ಸ ನೀನು ಕೊಟ್ಟೀಯಾ?” ಎಂದು ಲೋಕೇಶ ಹಿಂದಿನಿಂದ ಕೂಗಿದ. ಅವನು ಕೆಂಪಯ್ಯನ ವಾರಿಗೆಯವನು, ಕೆಲಸವಿಲ್ಲದ ಇಬ್ಬರು ಗಂಡುಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವನು.

“ಇಲ್ಲಿಗಂಟ ಯಾವ ಕೆಲ್ಸ ಬಂತ್ಲಾ? ಗೇಟಿಗೆ ಕೈ ಮುಗ್ದಿದ್ದೊಂದೇ!”

ಕೆರೆಯ ಕೆಳಗೆ ತೋಟವಿದ್ದ ಬೋರಮ್ಮ ಎದ್ದು ನಿಂತಳು. “ಎಲ್ಲಾ ಸುಮ್ಕಿರ್ರಪ್ಪ. ಇವತ್ತು ಈ ಮ್ಯಾನೇಜರಪ್ಪ ಆಣೆ ಮಾಡ್ಲಿ. ನೀರು ಕೊಟ್ಟ ತಿಂಗ್ಳಿಗೆ ಕೆಲ್ಸ ಅನ್ಲಿ. ಕರ್ಪೂರ ನಾನು ತತ್ತೀನಿ.”

ಎಲ್ಲರೂ ಹೋ ಎಂದರು. ಕೆಂಪಯ್ಯ ಮೈಕನ್ನು ಮ್ಯಾನೇಜರನ ಬಾಯಿಗೇ ಹಿಡಿದ. ಅವನು ಎದ್ದು, ಎಲ್ಲರಿಗೂ ಕೈ ಮುಗಿದು, ತಾಳ್ಮೆಯಿಂದ ಹೇಳಿದ: “ನಾನೂ ದೇವರಿಗೆ ನಡೆದುಕೊಳ್ಳೋನೇ ಅಮ್ಮ. ಆದರೆ ನಾನು ಸಂಬಳಕ್ಕಿರೋನು. ಕಂಪನಿ ಪರವಾಗಿ ಆಣೆ ಮಾಡೋ ಅಧಿಕಾರ ನನಗಿಲ್ಲ.”

“ಮತ್ಯಾರಿಗೈತೆ?” ಕೆಂಪಯ್ಯ ಅರಚಿದ. “ಅವನ್ನ ಕರ್ಸು!”

“ಒಬ್ಬರು ಅಂತ ಇಲ್ಲ ಸರ್. ಅದು ಕಂಪನಿ.”

ಇಷ್ಟು ಕೇಳಿದ ಮೇಲಾದರೂ ಜನಕ್ಕೆ ಬುದ್ಧಿ ಬಂದಿರಬೇಕು ಎಂದುಕೊಂಡ ಕೆಂಪಯ್ಯ. ಕೆರೆ ನೀರು ಕೊಡಲು ಒಪ್ಪುವವರು ಕೈ ಎತ್ತಿ ಎಂದ. ಲೋಕೇಶ ಎತ್ತಿದ. ಅವನ ಸಾಲು ಎತ್ತಿತು. ಆಮೇಲೆ ಹೆಂಗಸರ ಕಡೆ. ಅಲ್ಲಿ ಗೆಳತಿಯರ ನಡುವೆ ರಮ್ಯಾಳ ಕೈಯೂ ಮೇಲಿತ್ತು.

“ಕೈ ಇಳಿಸೇ!” ಮೈಕಿನಲ್ಲೇ ಗದರಿದ.

“ಯಾಕಪ್ಪ ಇಳಿಸ್ಲಿ? ನಿಂಗೆ ಕೆರೆ ಕಾಣ್ತದೆ, ಆ ವ್ಯಾನು ಕಾಣಲ್ಲ. ಮನೆ ಮುಂದೆ ಕೆಲ್ಸ ಸಿಕ್ಕಿದ್ರೆ ಹೊತ್ತಿದ್ದಂಗೆ ಮನೆಗ್ ಬತ್ತೀನಿ ನಾನು” ಅಂದಳು ರಮ್ಯಾ. ಎತ್ತಿದ ಕೈ ಇಳಿಯಲಿಲ್ಲ.

ಎತ್ತದೆ ಉಳಿದವರು ಬೋರಮ್ಮ ಮತ್ತು ತೋಟದ ನಾಲ್ಕಾರು ಮನೆಯವರು. ಅಧ್ಯಕ್ಷನಾದವನೇ ಹೇಳಬೇಕಿತ್ತು. “ಪಾಸಾಯ್ತು” ಅಂದ ಕೆಂಪಯ್ಯ. ಮೈಕನ್ನು ಮೇಜಿನ ಮೇಲೆ ಕುಕ್ಕಿದ. ಶಾಮಿಯಾನದ ತುಂಬ ಚಪ್ಪಾಳೆ ಬಿತ್ತು.

ಆ ಸದ್ದಿನಲ್ಲೇ ಮ್ಯಾನೇಜರ್ ಪಕ್ಕಕ್ಕೆ ಬಾಗಿ ಮಹೇಂದ್ರನಿಗೆ ಹೇಳಿದ್ದು ಕೆಂಪಯ್ಯನಿಗೂ ಕೇಳಿಸಿತು. “ಸರ್, ಹನ್ನೆರಡು ಗಂಟೆ ಶಿಫ್ಟ್‌ಗೆ ಪರ್ಮಿಶನ್ ವಿಷಯ ಮಂತ್ರಿಗಳ ಹತ್ತಿರ ಒಂದು ಮಾತು ಆಡಿಬಿಡಿ. ಅದೊಂದು ಆದರೆ ಕೆಲಸಕ್ಕೆ ತಗೊಳ್ಳೋದು ಶುರು ಮಾಡ್ತೀವಿ.”

ಮಹೇಂದ್ರ ಕಣ್ಣು ಮುಚ್ಚಿ ತೆರೆದ. “ಆಡ್ತೀನಿ” ಅಂದ.

ಕೆಳಗೆ ರಮ್ಯಾ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಳು.