ಉಡಿಯೊಳಗಿನ ಕರ್ಪೂರ

ಉಡಿ ತುಂಬಲು ಬಂದ ಮೂರನೆಯ ಮುತ್ತೈದೆಯೂ ಅಕ್ಕಿ, ಉತ್ತತ್ತಿ, ಅರಿಷಿಣಬೇರಿನ ಜೊತೆಗೆ ಒಂದು ಕರ್ಪೂರದ ಗಂಟನ್ನು ಗಂಗಾಳ ಸೆರಗಿಗೆ ಹಾಕಿದಳು. ನಿಶ್ಚಿತಾರ್ಥದ ಮಣೆಯ ಮೇಲೆ ಕುಳಿತಿದ್ದ ಗಂಗಾ ಉಸಿರು ಬಿಗಿಹಿಡಿದಳು.

"ಇರ್ಲಿ ತಂಗಿ, ಹಂದಿಜ್ವರ ಹತ್ರ ಸುಳಿಯಂಗಿಲ್ಲ!" ಎಂದಳು ಆಕೆ.

ಪುಣೆಯಲ್ಲಿ ಹಂದಿಜ್ವರ ಎದ್ದ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಬೈಲಹೊಂಗಲದ ಕಿರಾಣಿ ಅಂಗಡಿಗಳಲ್ಲಿ ಕರ್ಪೂರವೇ ಸಿಗದಂತಾಗಿತ್ತು. ಕರ್ಪೂರ, ಯಾಲಕ್ಕಿ ಕಟ್ಟಿ ಕೊರಳಿಗೆ ಹಾಕಿಕೊಂಡರೆ ರೋಗ ಬಾರದೆಂದು ಯಾವ ಪುಣ್ಯಾತ್ಮ ಹೇಳಿದನೋ! ರಾಮದುರ್ಗದಿಂದ ಟ್ರ್ಯಾಕ್ಸ್ ಗಾಡಿ ತುಂಬಿಕೊಂಡು ಬಂದ ಬೀಗರಲ್ಲಿ ಗಂಟಿಲ್ಲದ ಕೊರಳೇ ಇರಲಿಲ್ಲ. ವರ ಗೌರೀಶನಿಗೂ ಒಂದು ಕಟ್ಟಿದ್ದರು. ಪಾಪ, ಅದನ್ನು ಹೊಸ ಅಂಗಿಯೊಳಗೆ ಮುಚ್ಚಿಡಲು ಹೆಣಗುತ್ತಿದ್ದ. ಅದನ್ನು ಕಂಡು ಗಂಗಾಳಿಗೆ ನಗು ಬಂದಿತ್ತು. ಹುಡುಗ ಮನಸ್ಸಿಗೆ ಬಂದಿದ್ದ.

ಈಗ ನಗು ಎಲ್ಲಿಯದು! ಘಾಟು ವಾಸನೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಅರ್ಧ ತಲೆನೋವು ಏಳುತ್ತಿತ್ತು. ಆಮೇಲೆ ಕತ್ತಲ ಕೋಣೆ, ತಲೆಗೆ ಬಿಗಿದ ಬಟ್ಟೆ, ವಾಂತಿ. ಈ ಮಾತು ಬೀಗರ ಕಿವಿಗೆ ಬೀಳದಂತೆ ತಾಯಿ ಸಿದ್ದಲಿಂಗವ್ವ ಜೋಪಾನ ಮಾಡಿದ್ದಳು. ಹಿಂದೊಂದು ಸಂಬಂಧ ಇದಕ್ಕೇ ಮುರಿದುಬಿದ್ದಿತ್ತು. "ಸೊಸಿನ್ನ ತಂದು ನಾವ ಆಕಿ ತಲಿ ಒತ್ತಕೋತ ಕುಂದ್ರೂಣೇನ?" ಎಂದು ಆ ಜನ ಎದ್ದುಹೋಗಿದ್ದರು.

ನಾಲ್ಕನೆಯವಳ ಗಂಟು ಬೀಳುವಷ್ಟರಲ್ಲಿ ಎಡಗಣ್ಣು ಸಿಡಿಯತೊಡಗಿತು. ಉಡಿ ಅರ್ಧಕ್ಕೆ ಬಿಟ್ಟು ಏಳುವುದು ಅಪಶಕುನ. ಗಂಗಾ ಹಲ್ಲು ಕಚ್ಚಿ ಕುಳಿತಳು. ಕೊನೆಗೆ ತಡೆಯಲಾಗದೆ ಹಣೆ ಹಿಡಿದುಕೊಂಡಳು.

"ಯವ್ವಾ! ಹುಡುಗಿಗೆ ಹಂದಿಜ್ವರ ಬಂದೈತೋ ಏನೋ!"

ಒಬ್ಬಳು ಹೀಗೆ ಚೀರಿದ್ದೇ, ಪಡಸಾಲೆಯ ಮಂದಿಯೆಲ್ಲ ಎದ್ದು ಬಾಗಿಲಿಗೆ ನುಗ್ಗಿತು. ಆರತಿ ತಟ್ಟೆ ಠಣ್ಣನೆ ಬಿತ್ತು. ಓಡುವ ಅವಸರದಲ್ಲೂ ಒಬ್ಬಳು ತನ್ನ ಗಂಟನ್ನು ಗಂಗಾಳ ಮೂಗಿಗೆ ಹಿಡಿದು, "ಜೋರ್ಲೆ ಉಸರ ತಗೋ!" ಎಂದಳು. ಉಪಕಾರ ಮಾಡುವುದೆಂದರೆ ಹೀಗೆ!

ಸಿದ್ದಲಿಂಗವ್ವ ಅಡ್ಡ ಬಂದಳು. "ಹೌದ್ರಿ, ಜ್ವರಾನ ಇರಬೇಕ್ರಿ!" ಎಂದು ಕೂಗಿಬಿಟ್ಟಳು. "ಎಂಟ ದಿನಕ್ಕ ಇಳಿತೈತ್ರಿ. ಆಮ್ಯಾಲ ನಮ್ಮ ಹುಡುಗಿ ಗಟ್ಟಿ ಅದಾಳ್ರಿ!"

ಊರೆಲ್ಲ ತಮಗೆ ಹಂದಿಜ್ವರ ಇಲ್ಲವೆಂದು ಆಣೆ ಹಾಕುತ್ತಿದ್ದ ಕಾಲದಲ್ಲಿ, ಮಗಳಿಗೆ ಇದೆಯೆಂದು ಸಾರಿದ ತಾಯಿ ಇವಳೊಬ್ಬಳೇ ಇರಬೇಕು. ಎಂಟು ದಿನದ ಜ್ವರಕ್ಕೆ ಬೀಗರು ಕಾದಾರು. ಜೀವಮಾನದ ತಲೆನೋವಿಗೆ ಯಾರು ಕಾಯುತ್ತಾರೆ?

ಗಂಗಾಳಿಗೆ ಸಿಟ್ಟು ನೆತ್ತಿಗೇರಿತು. ನೋವಿಗಿಂತ ಈ ಸುಳ್ಳು ಹೆಚ್ಚು ಉರಿಯಿತು.

"ಸಾಕ ಬಿಡಬೇ ಅವ್ವಾ! ಜ್ವರ ಅಲ್ರಿ, ಯಾರೂ ಹೆದರಬ್ಯಾಡ್ರಿ. ನನಗ ಅರ್ಧ ತಲಿನೋವ ಐತಿ. ಸಾಲಿಗೆ ಹೋಗೂವಾಗಿಂದ ಐತಿ, ಮುಂದೂ ಇರತೈತಿ. ಈ ಕರ್ಪೂರದ ವಾಸನಿಗೆ ಎದ್ದೈತಿ. ಬ್ಯಾಡಾಗಿದ್ರ ಈಗ ಹೇಳಿಬಿಡ್ರಿ!"

ಬಾಗಿಲಲ್ಲಿ ನೂಕಾಡುತ್ತಿದ್ದವರು ತಿರುಗಿ ನೋಡಿದರು. ಸಿದ್ದಲಿಂಗವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಮುಗಿಯಿತು, ಇದೂ ಹೋಯಿತು ಎಂದುಕೊಂಡಳು.

ಬೀಗರ ಹೆಂಗಸರಲ್ಲಿ ಓಡದೆ ನಿಂತಿದ್ದವಳು ಗೌರೀಶನ ತಾಯಿ ಇಂದ್ರವ್ವ ಒಬ್ಬಳೇ. ಉಡಿ ತುಂಬುವ ಸರದಿ ಅವಳದೇ ಇತ್ತು. ಅಕ್ಕಿಯ ಬೋಗುಣಿ ಹಿಡಿದು ಗಂಗಾಳನ್ನು ದಿಟ್ಟಿಸಿ ನೋಡಿದಳು.

"ಯಾವ ಕಡೀಗೆ?" ಎಂದು ಕೇಳಿದಳು.

ಗಂಗಾ ಎಡಗಣ್ಣಿನ ಮೇಲೆ ಬೆರಳಿಟ್ಟಳು.

"ಬೆಳಕ ಚುಚ್ಚಾಕ ಹತ್ತೈತಿ?"

"ಹೂಂನ್ರಿ."

ಇಂದ್ರವ್ವ ಬೋಗುಣಿ ಕೆಳಗಿಟ್ಟು, ಉಡಿಯೊಳಗಿನ ಗಂಟುಗಳನ್ನು ಒಂದೊಂದಾಗಿ ಆಯ್ದಳು. ತನ್ನ ಕೊರಳಿನದನ್ನೂ ಕಿತ್ತು ಎಲ್ಲವನ್ನೂ ಮಗನ ಕೈಗೆ ತುರುಕಿದಳು.

"ಇವನ್ನ ದೂರ ಒಗದ ಬಾ. ಮಂದೀನ ಹೊರಗ ಕಟ್ಟಿ ಮ್ಯಾಲ ಕುಂದರಸು. ಯಾರೂ ಒದರಬಾರದು ನೋಡು!"

ಗೌರೀಶ ಅವ್ವನ ಮುಖ ನೋಡಿದ, ಗಂಗಾಳ ಮುಖ ನೋಡಿದ, ತನ್ನ ಗಂಟನ್ನೂ ಕಿತ್ತುಕೊಂಡು ಹೊರಗೋಡಿದ. ಇಂದ್ರವ್ವ ಕಿಟಕಿಗಳನ್ನು ಮುಚ್ಚಿದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಆಮೇಲೆ ಮಬ್ಬುಗತ್ತಲಲ್ಲಿ ಮಣೆಯ ಮುಂದೆ ಕುಳಿತು, ಕಾಳಿನ ಸಪ್ಪಳವೂ ಆಗದಂತೆ, ಹಿಡಿ ಹಿಡಿಯಾಗಿ ಅಕ್ಕಿಯನ್ನು ಗಂಗಾಳ ಉಡಿಗೆ ಇಳಿಸತೊಡಗಿದಳು.