ಹಂಪವ್ವನ ಉಳಿದ ರೀಲು

ದಾವಣಗೆರೆ ರೈಲು ನಿಲ್ದಾಣದ ಹಿಂದಿದ್ದ ವಾಮದೇವಪ್ಪನವರ ಫಿಲಂ ಗೋದಾಮಿಗೆ ಬೆಂಕಿ ಬಿದ್ದ ಸುದ್ದಿ ಹರಿಹರ ಮುಟ್ಟಿದಾಗ ಕೊಟ್ರವ್ವ ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ತೊಳೆದವಳೇ ದಾವಣಗೆರೆ ಬಸ್ಸು ಹತ್ತಿದಳು.

ಅದು ೧೯೫೮ರ ಬೇಸಿಗೆ. ಹಳೆಯ ಕಾಲದ ಫಿಲಮ್ಮು ಬರೀ ಕಾವಿಗೇ ಹೊತ್ತಿಕೊಳ್ಳುವಂಥದ್ದು, ಹೊತ್ತಿದರೆ ನೀರಿಗೂ ಆರದು. ಕೊಟ್ರವ್ವ ಹೋಗುವಷ್ಟರಲ್ಲಿ ಗೋದಾಮಿನ ಜಾಗದಲ್ಲಿ ಸೊಟ್ಟಗಾದ ಡಬ್ಬಿಗಳು ಮಾತ್ರ ಉಳಿದಿದ್ದವು. ವಾಮದೇವಪ್ಪ ಎದುರಿನ ಕಟ್ಟೆಯ ಮೇಲೆ ಕೂತಿದ್ದರು.

“ಅಕ್ಕನ ಪಿಚ್ಚರ್ ಏನಾತ್ರಿ?”

“ಹೋತು ಕೊಟ್ರವ್ವ. ಇದ್ದದ್ದು ಅದೊಂದೇ ಕಾಪಿ. ಒಂದು ರೀಲು ಹರಿದಿತ್ತಂತ ಅಂಟಿಸಾಕೆ ನಿಮ್ಮೂರ ಟಾಕೀಸಿನ ಆಪರೇಟರ್ ಗುತ್ತೆಪ್ಪಗೆ ಕೊಟ್ಟಿದ್ದೆ. ನಾಳೆ ಬಂದು ಅದನ್ನೂ ಹೊಳೆದಂಡ್ಯಾಗೆ ಸುಟ್ಟುಬಿಡ್ತೀನಿ. ಈ ಬೆಂಕಿ ಸಹವಾಸ ನನಗೆ ಬ್ಯಾಡ.”

ಅವಳ ಅಕ್ಕ ಹಂಪವ್ವ ಇಪ್ಪತ್ತೆರಡು ವರ್ಷದ ಹಿಂದೆ ಆ ಚಿತ್ರದಲ್ಲಿ ರಾಣಿಯಾಗಿದ್ದಳು. ಚಾಮರ ಬೀಸುವ ದಾಸಿ ಕೊಟ್ರವ್ವ. ಮನೆಯ ಹೆಣ್ಣು ಪರದೆಯ ಮೇಲೆ ಕುಣಿದಳೆಂದು ದೊಡ್ಡಪ್ಪ ಗೋಡೆಯ ಮೇಲಿದ್ದ ಹಂಪವ್ವನ ಪಟ ಕಿತ್ತು ತುಂಗಭದ್ರೆಗೆ ಎಸೆದಿದ್ದ. ಮರುವರ್ಷ ಜ್ವರ ಬಂದು ಅವಳು ತೀರಿಕೊಂಡಳು. ಆಮೇಲೆ ಅಕ್ಕನ ಮುಖ ಎಂದು ಉಳಿದದ್ದು ಆ ಚಿತ್ರದಲ್ಲಿ ಮಾತ್ರ.

ಕೊಟ್ರವ್ವ ಸಂಜೆಯ ಬಸ್ಸಿಗೇ ಹರಿಹರಕ್ಕೆ ಮರಳಿದಳು. ಗುತ್ತೆಪ್ಪನಿಂದ ಡಬ್ಬಿ ಇಸಿದುಕೊಂಡು, ಹಸಿ ಗೋಣಿಚೀಲದಲ್ಲಿ ಸುತ್ತಿ, ಬಚ್ಚಲಿನ ತಂಪು ಮೂಲೆಯಲ್ಲಿ ಇಟ್ಟಳು.

ಮರುದಿನ ವಾಮದೇವಪ್ಪ ಖಾನಾವಳಿಯ ಬಾಗಿಲಿಗೇ ಬಂದರು.

“ಅದು ನನ್ನ ಮಾಲು, ಕೊಟ್ರವ್ವ.”

“ಮಾಲು ನಿಮ್ದೇ ರೀ. ಮುಖ ನಮ್ಮಕ್ಕಂದು.”

“ಹೊತ್ಕೊಂಡ್ರೆ ಓಣಿನೇ ಸುಡ್ತೈತೆ. ನಿನಗೆ ತಿಳಿಯಂಗಿಲ್ಲ.”

“ಒಲಿ ಮುಂದ ಕೂತೇ ಇಷ್ಟು ವರ್ಷ ಕಳೆದೀನ್ರಿ, ಬೆಂಕಿ ಅಂದ್ರೇನಂತ ನನಗೂ ಗೊತ್ತೈತೆ. ಒಮ್ಮೆ ನೀರಿಗೆ ಹಾಕಿದ್ರು, ಈಗ ನೀವು ಬೆಂಕಿಗೆ ಹಾಕ್ತೀನಿ ಅಂತೀರಿ. ಕೊಡಂಗಿಲ್ಲ. ಊರಾಗೆ ಒಂದ್ಸಲ ತೋರಿಸ್ರಿ, ಆಮ್ಯಾಲೆ ಮಾತಾಡಾನ.”

ವಾಮದೇವಪ್ಪ ಮೆಟ್ಟಿಲಿಳಿದು ಹೋದವರು ಮತ್ತೆ ತಿರುಗಿ ಬಂದರು. ಕೊನೆಗೆ, “ಒಂದೇ ಸಲ,” ಅಂದರು.

ಭಾನುವಾರ ಬೆಳಗಿನ ಆಟಕ್ಕೆ ಟಾಕೀಸು ತುಂಬಿತು. ಗುತ್ತೆಪ್ಪ ಯಂತ್ರದ ಪಕ್ಕ ಮರಳಿನ ಬಕೀಟು ಸಾಲಾಗಿ ಇಟ್ಟುಕೊಂಡಿದ್ದ. ಪರದೆಯ ಮೇಲೆ ಹಂಪವ್ವ ಸಭೆಗೆ ನಡೆದು ಬಂದಳು. ಹಿಂದೆ ಚಾಮರ ಹಿಡಿದ ಹದಿನಾರರ ತನ್ನನ್ನು ಕೊಟ್ರವ್ವ ನೋಡಲೇ ಇಲ್ಲ. ಅಕ್ಕನ ಹುಬ್ಬು ಮೇಲೇರುವ ಬಗೆ ಅವಳಿಗೆ ಮರೆತೇಹೋಗಿತ್ತು.

ರಾಣಿ ಮಾತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಫಿಲಮ್ಮು ಸಿಕ್ಕಿಹಾಕಿಕೊಂಡಿತು. ಅವಳ ಗಲ್ಲದ ಮೇಲೆ ಕಂದು ಬಣ್ಣದ ತೂತೊಂದು ಎದ್ದು, ಇಡೀ ಮುಖವನ್ನು ನುಂಗಿ, ಪರದೆ ಬೆಳ್ಳಗಾಯಿತು. ಜನ ಎದ್ದು ಬಾಗಿಲಿಗೆ ನುಗ್ಗಿದರು. ಗುತ್ತೆಪ್ಪ ಉರಿಯುವ ತುದಿಯನ್ನು ಕತ್ತರಿಸಿ ಕೆಳಗೆ ಕೆಡವಿ ಮರಳು ಸುರಿದ.

“ಸಾಕು ಕೊಟ್ರವ್ವ, ಹೊರಗೆ ಬಾ,” ಎಂದು ವಾಮದೇವಪ್ಪ ಬಾಗಿಲಿನಿಂದ ಕರೆದರು.

ಕೊಟ್ರವ್ವ ಹೊರಗೆ ಹೋಗಲಿಲ್ಲ. ಬೆಳ್ಳನೆಯ ಪರದೆಯ ಮುಂದೆ ಹೋಗಿ ನಿಂತಳು. ತಾಲೀಮಿನಲ್ಲಿ ಅಕ್ಕನ ಬಾಯಲ್ಲಿ ಕೇಳಿ ಕೇಳಿ ಬಂದ ಮಾತು ಅವಳಿಗೆ ಕಂಠಪಾಠವಾಗಿತ್ತು.

“ಕಲ್ಲಿನ ಮೇಲಿನ ನನ್ನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಸಬಹುದು, ಪ್ರಭು. ನನ್ನನ್ನು ಕಂಡವರ ಕಣ್ಣಿಗೆ ಏನು ಮಾಡುತ್ತೀರಿ?”

ಒಲೆಯ ಹೊಗೆಗೆ ಒಡಕಲಾದ ದನಿ ಅದು. ಆದರೂ ಕೊನೆಯ ಸಾಲಿನವರೆಗೆ ಮುಟ್ಟಿತು. ಬಾಗಿಲಲ್ಲಿದ್ದವರು ನಿಂತರು. ಒಬ್ಬ ಮುದುಕಿ ಮರಳಿ ಬಂದು ಬೆಂಚಿನ ಮೇಲೆ ಕೂತಳು. ಅವಳ ಹಿಂದೆ ಉಳಿದವರೂ ಬಂದರು. ಕೊಟ್ರವ್ವ ಆ ದೃಶ್ಯದ ಮಾತನ್ನು ಪೂರಾ ಮುಗಿಸಿದಳು.

ಆಮೇಲೆ ಮೇಲಿನ ಯಂತ್ರದ ಕೋಣೆಯ ಕಿಂಡಿಯ ಕಡೆ ತಿರುಗಿ, “ಗುತ್ತೆಪ್ಪ, ಸುಟ್ಟಿದ್ದು ಸುಡ್ಲಿ. ಉಳಿದಿದ್ದು ಹಚ್ಚು,” ಅಂದಳು.

ಗುತ್ತೆಪ್ಪ ವಾಮದೇವಪ್ಪನವರ ಮುಖ ನೋಡಿದ. ಅವರು ಮೆಟ್ಟಿಲು ಹತ್ತಿ ಹೋಗಿ, ಮರಳಿನ ಬಕೀಟೊಂದನ್ನು ತಾವೇ ಕೈಗೆತ್ತಿಕೊಂಡು ಯಂತ್ರದ ಪಕ್ಕ ನಿಂತರು.

“ಹಚ್ಚಪ್ಪ,” ಅಂದರು.