ರಸಮಟ್ಟ

“ಎಡಕ್ಕೆ ತಿರುಗ್ಸು ಆರ್ಡಿತ್, ಎಡಕ್ಕೆ! ಜಾಮ್ ಬಾಟ್ಲಿ ಮುಚ್ಚಳ ಅಲ್ಲ ಅದು.”

“ಜಾಮ್ ಬಾಟ್ಲೀನೂ ಎಡಕ್ಕೇ ತಿರುಗ್ಸೋದು ಕಣೋ. ಇಷ್ಟು ವರ್ಷ ತಿಂದಿದೀಯ, ಒಂದಿನ ಆದ್ರೂ ತೆಗೆದಿದ್ರೆ ತಾನೆ ಗೊತ್ತಾಗೋದು!”

ಆರ್ಡಿತ್ ತಮ್ಮ ಮನೆಗಾಡಿಯಾದ ಮೋಟರ್‌ಹೋಮಿನ ಹೊರಗೋಡೆಯ ಕಿಂಡಿಯಲ್ಲಿ ತಲೆ ತೂರಿಸಿ, ಹಳೆಯ ಫ್ರಿಜ್ಜಿನ ಬೆನ್ನಿಗಿದ್ದ ಗ್ಯಾಸ್ ಪೈಪು ಬಿಚ್ಚುತ್ತಿದ್ದಳು. ಅವಳ ಗಂಡ ಡೆಲ್ಮಾರ್ ಪಕ್ಕದಲ್ಲೇ ಮಡಚುವ ಕುರ್ಚಿಯ ಮೇಲೆ, ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದ. ಹೊರಗೆ ತೆಗೆದರೆ ಅವು ನಡುಗುತ್ತಿದ್ದವು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರು, ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗಿಯೂ ಅವನು ಕೈಗಳ ಮೇಲೆಯೇ ಕೂರುತ್ತಿದ್ದ.

ಅರಿಜೋನಾದ ಆ ಬಯಲಲ್ಲಿ ಚಳಿಗಾಲ ಕಳೆಯಲು ಬಂದವರಲ್ಲಿ ಯಾರಾದರೂ ಸಲಕರಣೆ ಪೆಟ್ಟಿಗೆ ತೆರೆದರೆ ಸಾಕು, ಸುತ್ತಲಿನ ಗಾಡಿಗಳವರು ತಂತಮ್ಮ ಕುರ್ಚಿ ಹೊತ್ತು ಬಂದು ಸಾಲಾಗಿ ಕೂರುತ್ತಾರೆ. ಕರೆಯುವುದು ಬೇಕಿಲ್ಲ. ಕಾಫಿ ಅವರದ್ದೇ, ಸಲಹೆ ಬಿಟ್ಟಿ. ಇವತ್ತೂ ಹಾಗೇ ಸೇರಿದ್ದರು. ಮುಂದಿನ ಸಾಲಿನಲ್ಲಿ, ರೈಲ್ವೆಯಿಂದ ನಿವೃತ್ತನಾದ ಫ್ಲಾಯ್ಡ್; ಅವನ ಪಕ್ಕ ಹೆಣಿಗೆ ಕಡ್ಡಿ ಹಿಡಿದ ರೊಸಾಲ್ಬಾ.

“ಬಾಗಿಲಲ್ಲಿ ಹೋಗಲ್ಲ ಅದು,” ಎಂದ ಫ್ಲಾಯ್ಡ್.

“ನಂಗೊತ್ತು,” ಎಂದ ಡೆಲ್ಮಾರ್. “ಮೊದ್ಲು ಫ್ರಿಜ್ಜಿಟ್ಟು ಆಮೇಲೆ ಸುತ್ತ ಗೋಡೆ ಕಟ್ತಾರೆ ಈ ಗಾಡಿಗಳ್ನ. ಕಿಟಕಿ ಬಿಚ್ಬೇಕು.”

“ಯಾರು ಬಿಚ್ತಾರೆ?”

“ನಾನು,” ಎಂದಿತು ಕಿಂಡಿಯೊಳಗಿನ ದನಿ.

ಗಾಡಿಯ ಮುಂದಿನ ಗಾಜಿನ ಹಿಂದೆ ತೆಳುವಾದ ಒಂದು ಪ್ಲೈವುಡ್ ಹಲಗೆ ನಿಂತಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಮಾರಾಟಕ್ಕಿದೆ’ ಎಂದು ಬರೆದಿತ್ತು. ಡೆಲ್ಮಾರನೇ ಬರೆದದ್ದು, ಅಕ್ಷರಗಳು ಅಂಕುಡೊಂಕಾಗಿದ್ದವು. ಫ್ರಿಜ್ಜು ಕೆಟ್ಟು ಅಮೋನಿಯದ ಗಾಟು ಬಂದ ದಿನವೇ ಅವನು ಅದನ್ನು ಬರೆದು ನಿಲ್ಲಿಸಿದ್ದ. ಭಾನುವಾರ ಗಾಡಿ ನೋಡಲು ಯಾರೋ ಬರುವವರಿದ್ದರು. ಬೇಸಿಗೆಗೆ ಅಲಾಸ್ಕಾಕ್ಕೆ ಹೋಗೋಣವೆಂದು ಅವನೇ ವರ್ಷಗಳಿಂದ ಹೇಳುತ್ತಿದ್ದ. ಈಗ ಮಿನೆಸೋಟಾದಲ್ಲಿ ಲಿಫ್ಟ್ ಇರುವ ಒಂದು ಫ್ಲ್ಯಾಟು ಸಾಕು ಎನ್ನುತ್ತಿದ್ದ.

ಆರ್ಡಿತ್ ಜಗಳವಾಡಲಿಲ್ಲ. “ಹೊಸ ಫ್ರಿಜ್ಜು ನಾನು ಹಾಕ್ತೀನಿ, ನೀನು ಹೇಳ್ಕೊಡು. ಅದು ತಣ್ಣಗಾದ್ರೆ ಹಲಗೆ ತೆಗೀಬೇಕು,” ಎಂದಿದ್ದಳು. ಅವಳಿಗೆ ಗಾಡಿಯ ಚಿಂತೆ ಅಷ್ಟಿರಲಿಲ್ಲ. ಗಾಡಿ ಮಾರಿದ ಮೇಲೆ ಈ ಮನುಷ್ಯ ತೊಡೆಯಡಿಯಿಂದ ಕೈ ತೆಗೆಯುವುದೇ ಇಲ್ಲ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಹೆಂಗಸೆಂದರೆ ಹೆಂಗಸು! ಜೀವಮಾನವಿಡೀ ಶಾಲೆಯ ಅಡಿಗೆಮನೆಯಲ್ಲಿ ದುಡಿದವಳು, ಸ್ಪ್ಯಾನರ್ ಹಿಡಿದದ್ದು ಇದೇ ಮೊದಲು. ಕಿಟಕಿಯ ಚೌಕಟ್ಟಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಕಳೆದುಹೋಗದಂತೆ ಕಪ್‌ಕೇಕಿನ ತಟ್ಟೆಯ ಗುಳಿಗಳಲ್ಲಿ ಇಟ್ಟುಕೊಂಡಳು. ಮೊಣಕೈ ತರಚಿತು, ತಲೆಗೂದಲಿಗೆ ಮಸಿ ಮೆತ್ತಿತು. ಕಿಟಕಿ ಕಳಚಿ ಬಂದಾಗ ಕುರ್ಚಿಗಳ ಸಾಲು ಚಪ್ಪಾಳೆ ತಟ್ಟಿತು.

“ಚಪ್ಪಾಳೆ ಇರ್ಲಿ, ಎದ್ದು ಬಂದು ಕೈ ಹಾಕಿ!” ಎಂದು ಆರ್ಡಿತ್ ಗದರಿದಳು.

ಎಲ್ಲರೂ ಎದ್ದರು. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬಳಿಗೆ ಮಂಡಿ ಹೊಸದು. ಆದರೂ ಹಳೆಯ ಫ್ರಿಜ್ಜು ಕಿಟಕಿಯಿಂದ ಆಚೆ ಬಂತು, ಹೊಸದು ಒಳಗೆ ಹೋಯಿತು. ಡೆಲ್ಮಾರ್ ಕುರ್ಚಿಯಿಂದಲೇ ಕೂಗುತ್ತಿದ್ದ: “ಫ್ಲಾಯ್ಡ್, ನಿನ್ ಕಡೆ ಎತ್ತು! ರೈಲು ತಳ್ತಿದೀಯ ಅಂದ್ಕೊಂಡ್ಯಾ?” ಬಹಳ ದಿನಗಳ ಮೇಲೆ ಅವನ ದನಿ ಅಷ್ಟು ಗಟ್ಟಿಯಾಗಿ ಹೊರಟಿತ್ತು. ಆರ್ಡಿತ್ ಪೈಪಿನ ಸಂದಿಗಳಿಗೆ ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳದ್ದನ್ನು ನೋಡಿ, ಕೈ ಒರೆಸಿಕೊಂಡು ಹೊರಗೆ ಬಂದಳು.

“ಹಚ್ಚೋ ಮುಂಚೆ ಮಟ್ಟ ನೋಡ್ಬೇಕಲ್ವಾ? ರಸಮಟ್ಟ ಎಲ್ಲಿಟ್ಟಿದೀಯ?”

ಡೆಲ್ಮಾರ್ ತಲೆ ತಗ್ಗಿಸಿದ.

ಗ್ಯಾಸಿನ ಉರಿಯಲ್ಲಿ ನಡೆಯುವ ಈ ಫ್ರಿಜ್ಜುಗಳಿಗೆ ಗಾಡಿ ವಾಲಿದರೆ ಆಗದು. ವಾಲಿದರೆ ಒಳಗಿನ ದ್ರವ ಹರಿಯದೆ ನಿಂತು, ಕುದಿದು, ಕೊಳವೆ ಕೆಡುತ್ತದೆ. ಇದು ಅಲ್ಲಿದ್ದವರಿಗೆಲ್ಲ ಗೊತ್ತು. ಎಲ್ಲಿ ಗಾಡಿ ನಿಲ್ಲಿಸಿದರೂ ಡೆಲ್ಮಾರ್ ಮೊದಲು ಫ್ರಿಜ್ಜಿನೊಳಗೆ ರಸಮಟ್ಟ ಇಟ್ಟು ಗುಳ್ಳೆ ನೋಡುತ್ತಿದ್ದ, ಕಾಫಿ ಆಮೇಲೆ. ಗಾಡಿಯಷ್ಟೇ ವಯಸ್ಸಾದ ಫ್ರಿಜ್ಜು ಇಷ್ಟು ಕಾಲ ಬಾಳಿದ್ದೇ ಅವನ ಆ ಹಟದಿಂದ.

“ಒಡೆದೋಯ್ತು,” ಎಂದ ಕೊನೆಗೆ. “ನವೆಂಬರಲ್ಲಿ ಇಲ್ಲಿಗೆ ಬಂದ್ವಲ್ಲ, ಅವತ್ತೇ. ಕೈಯಿಂದ ಜಾರಿ ಬಿತ್ತು. ಹೇಳಕ್ಕೆ ನಾಚ್ಕೆ ಆಯ್ತು ಆರ್ಡಿತ್. ಸರಿಯಾಗಿದೆ ಅಂತ ಕಣ್ಣಳತೇಲೇ ಹೇಳ್ಬಿಟ್ಟೆ. ಫ್ರಿಜ್ಜು ವಯಸ್ಸಾಗಿ ಸಾಯ್ಲಿಲ್ಲ. ನಾನೇ ಸಾಯ್ಸಿದ್ದು.”

ರೊಸಾಲ್ಬಾ ಕಡ್ಡಿಗಳನ್ನು ಮಡಿಲಲ್ಲಿಟ್ಟಳು. ಫ್ಲಾಯ್ಡ್ ಬರಿದಾದ ಕಾಫಿ ಲೋಟದೊಳಗೆ ಇಣುಕತೊಡಗಿದ. ಆರ್ಡಿತ್ ಗಂಡನ ಕುರ್ಚಿಯ ಹತ್ತಿರ ಬಂದಳು. ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಡೀ ಚಳಿಗಾಲ ಕಳೆದನಲ್ಲ!

“ಅಯ್ಯೋ ಪೆದ್ದೇ,” ಎಂದಳು. “ಈ ಸಲ ನನ್ನ ಕೇಕೆಲ್ಲ ಒಂದ್ ಕಡೆ ದಪ್ಪ, ಒಂದ್ ಕಡೆ ತೆಳ್ಳಗೆ ಬರ್ತಿತ್ತು. ನೆನಪಿದ್ಯಾ?”

“ನಾನು ದಪ್ಪ ಕಡೆ ತಿಂತಿದ್ದೆ.”

“ನಾನೇನಂದ್ಕೊಂಡೆ? ಒಲೆ ಕೆಟ್ಟಿದೆ ಅಂದ್ಕೊಂಡೆ. ಇಷ್ಟು ವರ್ಷ ಮಕ್ಕಳಿಗೆ ಕೇಕ್ ಬೇಯ್ಸಿದೋಳು ನಾನು, ನೆಲ ವಾಲಿದೆ ಅಂತ ಹೊಳೀಬೇಡ್ವಾ? ಸಾಯ್ಸಿದ್ದು ಇಬ್ರೂ ಸೇರಿ. ನೀನೊಬ್ನೇ ಹೆಸ್ರು ತಗೋಬೇಡ.”

ಫ್ಲಾಯ್ಡ್ ಫಕ್ಕನೆ ನಕ್ಕ. ಆರ್ಡಿತ್ ಒಳಗೆ ಹೋಗಿ ಕೇಕಿನ ಅಗಲ ತಟ್ಟೆಯನ್ನು ಹೊಸ ಫ್ರಿಜ್ಜಿನ ಮೇಲಿನ ಫ್ರೀಜರ್ ಖಾನೆಯಲ್ಲಿಟ್ಟು ಸ್ವಲ್ಪ ನೀರು ಸುರಿದಳು. ನೀರು ಹಿಂಬದಿಯ ಎಡಮೂಲೆಗೆ ಸರಿದು ನಿಂತಿತು. ಎದುರು ಮೂಲೆಯಲ್ಲಿ ತಟ್ಟೆಯ ತಳ ಒಣಗಿಯೇ ಇತ್ತು.

“ಎಡಗಡೆ ಹಿಂದಿನ ಚಕ್ರ ತಗ್ಗಿದೆ. ಜಾಸ್ತಿ ಇಲ್ಲ, ಒಂದ್ ಬೆರಳು ದಪ್ಪಾನೂ ಇಲ್ಲ,” ಎನ್ನುತ್ತ ಅವಳು ಹೊರಗೆ ಬಂದಳು.

“ನನ್ ಹತ್ರ ಮರದ ದಿಮ್ಮಿ ಇದೆ, ತರ್ತೀನಿ,” ಎಂದ ಫ್ಲಾಯ್ಡ್.

“ದಿಮ್ಮಿ ಇಟ್ರೆ ಈ ಕಡೆ ವಾಲುತ್ತೆ. ತೆಳ್ಳಂದು ಬೇಕು,” ಎಂದಳು ಆರ್ಡಿತ್.

ಆರ್ಡಿತ್ ಮುಂದಿನ ಗಾಜಿನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಕೈ ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತಳು.

ಡೆಲ್ಮಾರ್ ಮುಂದಿನ ಗಾಜಿನ ಕಡೆ ನೋಡಿದ. ಆಮೇಲೆ ತೊಡೆಯಡಿಯಿಂದ ಕೈಗಳನ್ನು ಎಳೆದುಕೊಂಡ. ಎಲ್ಲರೆದುರಿಗೇ ಅವು ನಡುಗಿದವು. ಕುರ್ಚಿಯ ತೋಳು ಹಿಡಿದು ಎದ್ದು, ಮೆಟ್ಟಿಲು ಹತ್ತಿ, ಗಾಜಿನ ಹಿಂದಿನ ಹಲಗೆಯನ್ನು ತೆಗೆದುಕೊಂಡು ಇಳಿದ. ಅವನ ಕೈಯಲ್ಲಿ ಹಲಗೆ ಬಾಗಿಲಿಗೆ, ಮೆಟ್ಟಿಲಿಗೆ ಕಟಕಟ ತಾಗುತ್ತಿತ್ತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಫ್ಲಾಯ್ಡ್ ಏಳಹೋದಾಗ ರೊಸಾಲ್ಬಾ ಅವನ ಅಂಗಿ ಹಿಡಿದು ಕೂರಿಸಿದಳು.

ಡೆಲ್ಮಾರ್ ಮಂಡಿಯೂರಿ, ಕೆಂಪು ಅಕ್ಷರಗಳನ್ನು ಮೇಲೆ ಮಾಡಿ, ಹಲಗೆಯನ್ನು ಚಕ್ರದ ಬುಡಕ್ಕೆ ತಳ್ಳಿದ.

“ಭಾನುವಾರ ಅವ್ರು ಬರ್ತಾರಲ್ಲೋ?” ಎಂದ ಫ್ಲಾಯ್ಡ್.

“ಬರ್ಲಿ. ಕಾಫಿ ಕುಡ್ಕೊಂಡು ಹೋಗ್ಲಿ,” ಎಂದ ಡೆಲ್ಮಾರ್. ಆರ್ಡಿತ್ ಗಾಡಿ ಹತ್ತಿ ಸ್ಟೀರಿಂಗ್ ಹಿಡಿದಳು. “ಹಲಗೆ ಮೇಲೆ ಹತ್ಸು ಆರ್ಡಿತ್. ನಿಧಾನ. ಇನ್ನೂ ಸ್ವಲ್ಪ. ಹಾಂ, ಸಾಕು!”

ಆರ್ಡಿತ್ ಗಾಡಿಯಿಂದಿಳಿದು, ಕಿಂಡಿಯ ಎದುರು ಬೋರಲು ಮಲಗಿ ಉರಿ ಹಚ್ಚಿದಳು. ಪುಟ್ಟ ನೀಲಿ ಜ್ವಾಲೆ ಒಂದು ಸಲ ಬೆದರಿ, ಆಮೇಲೆ ನೆಟ್ಟಗೆ ನಿಂತಿತು.

ಬೆಳಿಗ್ಗೆ ಕಾಫಿಗೂ ಮುಂಚೆ ಡೆಲ್ಮಾರ್ ಫ್ರಿಜ್ಜಿನ ಬಾಗಿಲು ತೆರೆದ. ತಟ್ಟೆಯನ್ನು ಹೊರತೆಗೆಯಲು ಇಬ್ಬರೂ ಮರೆತಿದ್ದರು. ಈ ಅಂಚಿನಿಂದ ಆ ಅಂಚಿಗೆ ಒಂದೇ ದಪ್ಪಕ್ಕೆ ಮಂಜುಗಡ್ಡೆ ಕಟ್ಟಿತ್ತು. ಅವನು ಅದರ ಮೇಲೆ ಬೆರಳಿಟ್ಟ. ನಡುಗುವ ಬೆರಳು ಮಂಜಿನ ಮೇಲೆ ಟಕಟಕ ಎಂದು ಬಡಿಯತೊಡಗಿತು. ಹಾಸಿಗೆಯಲ್ಲಿದ್ದ ಆರ್ಡಿತ್‌ಗೆ ಆ ಸದ್ದು ಕೇಳಿಸಿತು. ಅವನು ಕೈ ತೆಗೆಯಲಿಲ್ಲ.